ಆರು ದಶಾಂಶ ಆರು ಎಂಬ ಅವಮಾನದ ಕುರಿತು

ಬಿಸಿನೆಸ್ ಸ್ಟ್ಯಾಟಿಸ್ಟಿಕ್ಸ್ ಎಂಬ ಕಠಿಣ ವಿಷಯವನ್ನು ಸುಲಭ ಮಾಡಿ ಹೇಳಿಕೊಡುವುದಾಗಿ ಛತ್ರಪತಿ ಸಂಭಾಜಿನಗರದಲ್ಲಿ ಬಾಗಿಲ ಮೇಲೆ ಫಲಕ ಹಾಕಿಕೊಂಡಿರುವ ಶ್ರೀಮಾನ್ ಪ್ರಭಾಕರ ಸರ್ ಅವರ ಸನ್ನಿಧಿಗೆ, ನಾಸಿಕ್‌ನಿಂದ ದಾನಮ್ಮನ ಶರಣು ಶರಣಾರ್ಥಿಗಳು.

ಮಾನ್ಯರೇ,

ತಾವು, ತಮ್ಮ ಕುಟುಂಬದವರು, ತಮ್ಮ ಟ್ಯೂಷನ್ ಕ್ಲಾಸಿನ ವಿದ್ಯಾರ್ಥಿಗಳು ಮತ್ತು ತಮ್ಮ ಕೆಂಪು ಶಾಯಿಯ ಪೆನ್ನು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ತಾವು ನನ್ನನ್ನು ಕಣ್ಣಾರೆ ನೋಡಿಲ್ಲ. ಆದರೆ ನನ್ನ ಗ್ರಾಫ್ ನೋಡಿದ್ದೀರಿ, ಅದಕ್ಕೆ ಇಪ್ಪತ್ತಕ್ಕೆ ಹದಿನೆಂಟು ಅಂಕವನ್ನೂ ಕೊಟ್ಟಿದ್ದೀರಿ. ಹತ್ತನೇ ತರಗತಿಯಲ್ಲಿ ನನಗೆ ಸ್ವಂತ ಲೆಕ್ಕದ ಪರೀಕ್ಷೆಯಲ್ಲಿಯೂ ಇಷ್ಟು ಅಂಕ ಬಂದಿರಲಿಲ್ಲವಾದ್ದರಿಂದ ಮೊದಲಿಗೆ ಧನ್ಯವಾದ ಹೇಳುವುದು ನನ್ನ ಕರ್ತವ್ಯ.

ತಮಗೆ ಕನ್ನಡ ಬಾರದೆಂದು ನನಗೆ ಗೊತ್ತಿದೆ. ಭಾಲ್ಕಿಯಿಂದ ಬಂದು ನಲವತ್ತು ವರ್ಷ ನಾಸಿಕ್‌ನಲ್ಲಿ ಗೋಣಿಚೀಲದ ಅಂಗಡಿ ನಡೆಸಿ, ಲಾಸಲಗಾಂವ್‌ನ ಈರುಳ್ಳಿ ವ್ಯಾಪಾರಿಗಳ ಜೊತೆ ವಾದಿಸಿ ಗೆದ್ದ ನನಗೆ ಮರಾಠಿಗೇನೂ ಬರವಿಲ್ಲ. ಆದರೆ ಪರಭಾಷೆಯಲ್ಲಿ ಸಿಟ್ಟು ಮಾಡಿದರೆ ಗಮನ ವ್ಯಾಕರಣದ ಕಡೆ ಹೋಗಿ ಸಿಟ್ಟು ಆರುತ್ತದೆ. ಆದ್ದರಿಂದ ಕನ್ನಡದಲ್ಲಿಯೇ ಬರೆದು, ಒಂದು ಪ್ರತಿಯನ್ನು ಇಲ್ಲಿನ ಕನ್ನಡ ಸಂಘದ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ. ಇನ್ನೊಂದು ಪ್ರತಿಯನ್ನು ತಮ್ಮ ವಿದ್ಯಾರ್ಥಿನಿಯೂ ನನ್ನ ಸೊಸೆಯೂ ಆದ ರೂಪಾ ಬರುವ ಶನಿವಾರ ತಂದು, ತಮ್ಮ ಎದುರು ನಿಂತು, ಸಾಲು ಸಾಲಾಗಿ ಮರಾಠಿಗೆ ಮಾಡಿ ಹೇಳುತ್ತಾಳೆ. ಸಂಭಾಜಿನಗರದಲ್ಲಿ ಹುಟ್ಟಿ ಬೆಳೆದ ಆಕೆಗೆ ಐದು ವರ್ಷದ ಹಿಂದೆ ನಮ್ಮ ಮನೆ ತುಂಬಿದಾಗ ಕನ್ನಡದ ಒಂದಕ್ಷರ ಓದಲು ಬರುತ್ತಿರಲಿಲ್ಲ. ರೊಟ್ಟಿ ಬಡಿಯುವ ಹೊತ್ತಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಆರು ತಿಂಗಳಲ್ಲಿ ನಾನೇ ಕಲಿಸಿದೆ, ಒಂದು ಸಲವೂ ಹೊಗಳದೆ. ಹೊಗಳದೆಯೂ ವಿದ್ಯೆ ತಲೆಗೆ ಹತ್ತುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ.

ರೂಪಾಳ ಬಿ.ಕಾಂ. ಪದವಿಗೆ ಉಳಿದಿರುವುದು ಇದೊಂದೇ ವಿಷಯ. ಎರಡು ಸಲ ಬರೆದು ಎರಡು ಸಲವೂ ಬಿದ್ದಿದ್ದಾಳೆ. ಇದು ಕೊನೆಯ ಅವಕಾಶ. ಮಗಳ ಓದು ಮುಗಿಸಿಕೊಡುತ್ತೇನೆಂದು ಮದುವೆಯ ಮಾತುಕತೆಯ ದಿನ ಅವಳ ತಂದೆಗೆ ಮಾತು ಕೊಟ್ಟವಳು ನಾನು. ನನ್ನ ಓದನ್ನು ಹತ್ತಕ್ಕೇ ನಿಲ್ಲಿಸಿದರು ಎಂಬುದಕ್ಕೂ ಆ ಮಾತಿಗೂ ಯಾವ ಸಂಬಂಧವೂ ಇಲ್ಲ. ನಾಸಿಕ್‌ನಲ್ಲಿ ಗಲ್ಲಿಗೆ ಎರಡು ಟ್ಯೂಷನ್ ಇದ್ದರೂ, ತಮ್ಮ ಬಳಿ ಕಲಿತರೆ ಕಲ್ಲೂ ಪಾಸಾಗುತ್ತದೆ ಎಂದು ಬೀಗರು ಹೇಳಿದ್ದರಿಂದ, ಪ್ರತಿ ಶನಿವಾರ ನಸುಕಿನಲ್ಲಿ ಮನ್ಮಾಡ್ ಮೇಲೆ ಹೋಗುವ ರೈಲಿಗೆ ಹತ್ತಿಸಿ ಭಾನುವಾರ ರಾತ್ರಿ ಸ್ಟೇಷನ್ನಿಂದ ಕರೆತರುತ್ತಿದ್ದೇವೆ. ತಮ್ಮ ಕ್ಲಾಸು ಎರಡು ಗಂಟೆಯದು, ತವರುಮನೆ ಒಂದೂವರೆ ದಿನದ್ದು. ಅದನ್ನೂ ಸಹಿಸಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ತಮ್ಮ ಸಹಿಯೊಂದಿಗೆ ಪದವಿ ಪರೀಕ್ಷೆಗೆ ಸಲ್ಲಿಸಲೆಂದು, ದಿನವೂ ಕಣ್ಣೆದುರು ನಡೆಯುವ ಯಾವುದಾದರೂ ಸಂಗತಿಯನ್ನು ಮೂವತ್ತು ದಿನ ಎಣಿಸಿ ವರದಿ ಬರೆಯಬೇಕೆಂದು ತಾವು ಅಪ್ಪಣೆ ಮಾಡಿದಿರಿ. ಗೋಣಿಚೀಲ ಎಣಿಸುತ್ತಾಳೆಂದು ನಾನು ತಿಳಿದಿದ್ದೆ. ಕಳೆದ ಭಾನುವಾರ ತಮ್ಮ ಸಹಿಯಾದ ವರದಿಯನ್ನು ತಂದು ದೇವರ ಜಗಲಿಯ ಮೇಲಿಟ್ಟಳು. ಸೋಮವಾರ ಪೂಜೆ ಮುಗಿಸಿ, ಕನ್ನಡಕ ಏರಿಸಿ ಓದಲು ಕುಳಿತೆ. ಮರಾಠಿಯಲ್ಲಿ ಅಂದವಾಗಿ ಬರೆದಿದ್ದ ಶೀರ್ಷಿಕೆ ಹೀಗಿತ್ತು: 'ಒಂದು ಸಂಸ್ಥೆಯ ಹಿರಿಯ ವ್ಯವಸ್ಥಾಪಕಿಯಿಂದ ಕಿರಿಯ ಸಿಬ್ಬಂದಿಗೆ ಬರುವ ಆಕ್ಷೇಪಣೆಗಳು.'

ಮೊದಲ ಮೂರು ಪುಟ ಓದುವಷ್ಟರಲ್ಲಿ ಆ ಅಪರಿಚಿತ ವ್ಯವಸ್ಥಾಪಕಿಯ ಮೇಲೆ ನನಗೆ ತುಂಬಾ ಗೌರವ ಹುಟ್ಟಿತು. ಬೆಳಿಗ್ಗೆ ಐದಕ್ಕೆ ಏಳುವುದು, ಎಲ್ಲರಿಗಿಂತ ಕೊನೆಗೆ ಕೂರುವುದು, ಒಂದು ಕಾಳನ್ನೂ ಚೆಲ್ಲಗೊಡದಿರುವುದು! ಇಂಥವರ ಕೈಕೆಳಗೆ ಕೆಲಸ ಕಲಿಯಲು ಪುಣ್ಯ ಮಾಡಿರಬೇಕು, ಆ ಕಿರಿಯಳೇ ಸೋಮಾರಿ ಇದ್ದಂತಿದೆ ಎಂದು ಮಗ ಓಂಕಾರನನ್ನು ಕರೆದು ಹೇಳಿಯೂಬಿಟ್ಟೆ. ಅವನು ಪುಟ ಒಮ್ಮೆ, ನನ್ನ ಮುಖ ಒಮ್ಮೆ ನೋಡಿ, "ಅವ್ವ, ನೀ ಮುಂದಿಂದು ಓದಬ್ಯಾಡ" ಎಂದು ಅಂಗಡಿಗೆ ಓಡಿದ. ನಾಲ್ಕನೇ ಪುಟದಲ್ಲಿ ಆಕ್ಷೇಪಣೆಗಳನ್ನು ವಿಂಗಡಿಸಲಾಗಿತ್ತು: 'ಕುಕ್ಕರಿನ ಸೀಟಿ ಎಣಿಸದಿರುವುದು, ನಲವತ್ತೊಂದು.'

ಮಾನ್ಯರೇ, ಕುಕ್ಕರ್ ಇರುವ ಸಂಸ್ಥೆ ಯಾವುದೆಂದು ಕೇಳುವ ಆಸೆ ತಮಗಾಗಲಿಲ್ಲವೇ? ಅದರ ಪಕ್ಕದಲ್ಲಿ ತಾವು ಬರೆದದ್ದು 'ಖೂಪ್ ಛಾನ್', ಬಹಳ ಚೆನ್ನಾಗಿದೆ, ಎಂದು.

ನನ್ನನ್ನು ಎಣಿಸಿದ್ದಕ್ಕೆ ಆಕ್ಷೇಪಣೆ ಇಲ್ಲ. ಎಣಿಸುವಂಥದ್ದನ್ನೇ ಜನ ಎಣಿಸುತ್ತಾರೆ. ಸೋಮವಾರದ ಉಪವಾಸಕ್ಕೂ ಬೈಗುಳಕ್ಕೂ ನಂಟಿದೆ ಎಂದು ಏರುವ ಗೆರೆ ಎಳೆದು ತೋರಿಸಿದ್ದಾಳೆ. ಅದು ನಿಜ, ಆ ಪುಟ ಓದುವಾಗಲೂ ನಾನು ಉಪವಾಸವಿದ್ದೆ. ನನಗೆ ನೋವಾದದ್ದು ಕೊನೆಯ ಪುಟದಲ್ಲಿ. ಅಲ್ಲಿ ನನ್ನ ಸರಾಸರಿಯನ್ನು ದಿನಕ್ಕೆ ಆರು ದಶಾಂಶ ಆರು ಎಂದು ನಮೂದಿಸಿ, ಕೆಳಗೆ ತಾವು ಸಹಿ ಹಾಕಿದ್ದೀರಿ.

ಆರು! ಮೂವರು ನಾದಿನಿಯರ ಮದುವೆ ಮಾಡಿ, ಅಂಗಡಿಯ ಹಮಾಲರಿಂದ ಹಿಡಿದು ಹಾಲಿನವನ ತನಕ ಎಲ್ಲರನ್ನೂ ಸರಿದಾರಿಗೆ ತಂದವಳಿಗೆ ಆರು! ಬೆಳಗಿನ ಚಹಾ ಇಳಿಸುವುದರೊಳಗೆ ನನ್ನದು ಆರಾಗಿರುತ್ತದೆ. ಕೋಷ್ಟಕ ತೆಗೆದು ಬೆರಳಿಟ್ಟು ನೋಡಿದೆ. ಮೂವತ್ತು ದಿನಕ್ಕೆ ನೂರಾತೊಂಬತ್ತೆಂಟು. ಆದರೆ ನಾಲ್ಕು ಶನಿವಾರ, ನಾಲ್ಕು ಭಾನುವಾರದ ಎದುರು ಸೊನ್ನೆ. ಅವಳು ತಮ್ಮ ಊರಿನಲ್ಲಿ, ನಾನು ನಮ್ಮ ಊರಿನಲ್ಲಿ. ಕೇಳಿಸಿಕೊಳ್ಳುವವಳು ಇರಲಿಲ್ಲ ಎಂದ ಮಾತ್ರಕ್ಕೆ ಬೈಯುವವಳು ಮೌನವ್ರತ ಹಿಡಿದಿದ್ದಳೇ? ಅಂಗಡಿ ಮುಚ್ಚಿದ ದಿನ ವ್ಯಾಪಾರ ಸೊನ್ನೆ ಎಂದು ಬರೆಯಬಹುದು. ಅಂಗಡಿಗೆ ತಾನೇ ಹೋಗದ ದಿನ ವ್ಯಾಪಾರ ಸೊನ್ನೆ ಎಂದು ಬರೆಯುವವನನ್ನು ನಾವು ಮುನೀಮನ ಕೆಲಸದಿಂದ ತೆಗೆಯುತ್ತೇವೆ. ತಾವು ಅವನಿಗೆ ಹದಿನೆಂಟು ಅಂಕ ಕೊಡುತ್ತೀರಿ.

ಇಷ್ಟು ಸಾಲದೆಂದು, ಇಪ್ಪತ್ತಮೂರು ಆಕ್ಷೇಪಣೆ ದಾಖಲಾದ ಒಂದು ದಿನವನ್ನು ಸುತ್ತುಹಾಕಿ, 'ಇದು ಗುಂಪಿಗೆ ಸೇರದ ಸಂಖ್ಯೆ, ತೆಗೆದುಹಾಕಬಹುದು' ಎಂದು ಸಲಹೆ ಮಾಡಿದ್ದೀರಿ. ಅಂದು ಭಾಲ್ಕಿಯಿಂದ ಹನ್ನೊಂದು ಜನ ನೆಂಟರು ಹೇಳದೆ ಬಂದಿದ್ದರು. ಅದು ನನ್ನ ಜೀವನದ ಅತ್ಯುತ್ತಮ ದಿನಗಳಲ್ಲಿ ಒಂದು. ಅದನ್ನು ತೆಗೆಯಲು ಬಿಡುವುದಿಲ್ಲ.

ಅದೇ ಕೋಷ್ಟಕದಲ್ಲಿ 'ಮೆಚ್ಚುಗೆ' ಎಂಬ ಎರಡನೇ ಕಾಲಂ ಕೂಡ ಇದೆ. ಮೂವತ್ತು ದಿನ, ಮೂವತ್ತು ಸೊನ್ನೆ. ಅದರ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ. ಎರಡು ಸಲ ಎಣಿಸಿ ನೋಡಿದೆ, ಅಷ್ಟೆ.

ಬರುವ ವಾರ ಗುರುವಾರ ಹೊರಗಿನ ಪರೀಕ್ಷಕರು ಈ ವರದಿಯನ್ನು ಮುಂದಿಟ್ಟುಕೊಂಡು ರೂಪಾಳನ್ನು ಪ್ರಶ್ನೆ ಕೇಳುವವರಿದ್ದಾರೆ. ಹತ್ತನೇ ತರಗತಿಯ ನನಗೆ ಕಂಡ ಎಂಟು ಸೊನ್ನೆ ಅವರಿಗೆ ಕಾಣುವುದಿಲ್ಲವೇ? ಮಂಗಳವಾರ ರೂಪಾ ತಮಗೆ ಫೋನ್ ಮಾಡಿ ತಿದ್ದುವ ಮಾತೆತ್ತಿದಾಗ ತಾವು ಹೇಳಿದ್ದು ಒಂದೇ ಪದ: "ಚಾಲೇಲ್." ನಡೆಯುತ್ತದೆ, ಬಿಡು ಎಂದು. ಸಹಿಯಾದದ್ದನ್ನು ಮತ್ತೆ ನೋಡಲು ತಮಗೆ ಪುರುಸೊತ್ತಿಲ್ಲವಂತೆ. ನಡೆಯುತ್ತದೆ ಎಂದು ಬಿಟ್ಟದ್ದು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಎರಡು ಸಲ ಬಿದ್ದವಳು ಬಲ್ಲಳು. ಫೋನಿಟ್ಟು ಅವಳು ಗೋಡೆ ನೋಡುತ್ತಾ ಕುಳಿತಳು. ಕುಕ್ಕರಿನ ಸೀಟಿ ಎಷ್ಟಾಯಿತೋ, ನಾನೂ ಎಣಿಸಲಿಲ್ಲ.

ಆದ್ದರಿಂದ ಮಧ್ಯಾಹ್ನ ಉಂಡ ಮೇಲೆ ನಾವೇ ತಿದ್ದಲು ಕುಳಿತೆವು. ಆ ಎಂಟು ದಿನಕ್ಕೂ ಹತ್ತು ಹತ್ತು ಬರೆದುಕೋ, ನಾನೇ ಹೇಳುತ್ತಿದ್ದೇನಲ್ಲ ಎಂದು ಅಪ್ಪಣೆ ಮಾಡಿದೆ. ಓಂಕಾರನೂ, "ಖರೆ ಅದ ರೂಪಾ, ಆ ಎಂಟ್ ದಿನಾನೂ ನನ್ ಪಾಲಿಗೇ ಬಂದಾವ, ನಾ ಸಾಕ್ಷಿ ಇದ್ದೀನಿ" ಎಂದ. ಮೂಲವೂ ಸಾಕ್ಷಿಯೂ ಇಬ್ಬರೂ ಎದುರಿಗಿದ್ದರೂ ಅವಳು ಪೆನ್ನಿನ ಮುಚ್ಚಳ ಹಾಕಿ ಹೇಳಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ: "ಹಂಗ ಬರಿಲಾಕ ಬರಲ್ರಿ ಅತ್ತಿ. ನಾ ಎಣಿಸಿಲ್ಲ ಅಂದ್ರ ಎಣಿಸಿಲ್ಲ. ನೀವು ಹೇಳಿದ್ರೂ ಅದು ಎಣಿಸಿದಂಗ ಆಗಲ್ರಿ."

ಐದು ವರ್ಷದಲ್ಲಿ ಅವಳು ನನ್ನ ಮಾತಿಗೆ ಇಲ್ಲವೆಂದದ್ದು ಅದೇ ಮೊದಲು. ನಾನು ಬಾಯಿ ತೆರೆದೆ. ಆದರೆ ಅವಳು ಹೇಳಿದ್ದು ಸರಿಯಿತ್ತು. ಎಂಟು ದಿನವನ್ನು ಲೆಕ್ಕದಿಂದಲೇ ಬಿಟ್ಟು, 'ಈ ದಿನಗಳಲ್ಲಿ ವೀಕ್ಷಕಿ ಊರಲ್ಲಿರಲಿಲ್ಲ' ಎಂದು ಒಂದು ಸಾಲು ಬರೆದು, ನೂರಾತೊಂಬತ್ತೆಂಟನ್ನು ಇಪ್ಪತ್ತೆರಡರಿಂದ ಭಾಗಿಸಿದಳು. ಸರಿಯಾಗಿ ಒಂಬತ್ತು ಬಂತು. ನನ್ನ ಯೋಗ್ಯತೆಗೆ ಒಂಬತ್ತೂ ಕಡಿಮೆಯೇ. ಆದರೆ ಅದು ಎಣಿಸಿದ ಒಂಬತ್ತು.

ಆದಕಾರಣ ತಮ್ಮಲ್ಲಿ ವಿನಂತಿ. ತಿದ್ದಿದ ವರದಿಯನ್ನು ರೂಪಾ ಈ ಪತ್ರದ ಜೊತೆಗೇ ತರುತ್ತಾಳೆ. ಶನಿವಾರವೇ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಸಹಿ ಮಾಡಿಕೊಡಬೇಕು. ಓದದೆ ಸಹಿ ಹಾಕಿದರೆ ಗೊತ್ತಾಗುವಂತೆ ಒಂದು ಪುಟದಲ್ಲಿ ನಾನು ವ್ಯವಸ್ಥೆ ಮಾಡಿದ್ದೇನೆ. ಸಾಧ್ಯವಾದರೆ ಗುರುವಾರ ಪರೀಕ್ಷಕರ ಪಕ್ಕದಲ್ಲಿ ನನಗೂ ಒಂದು ಕುರ್ಚಿ ಹಾಕಿಸಿ. ಅಂಕಿಗಳ ಬಗ್ಗೆ ಯಾರಿಗಾದರೂ ಸಂಶಯ ಬಂದರೆ ಸ್ಥಳದಲ್ಲಿಯೇ ಪ್ರಾತ್ಯಕ್ಷಿಕೆ ಕೊಡಲು ಸಿದ್ಧಳಿದ್ದೇನೆ. ತಮ್ಮ ಕ್ಲಾಸಿಗೆ ಒಬ್ಬ ಹಿರಿಯ ವ್ಯವಸ್ಥಾಪಕಿಯ ಅಗತ್ಯವಿದೆ ಎಂದೂ ನನ್ನ ಅಭಿಪ್ರಾಯ. ಶನಿವಾರಗಳಲ್ಲಿ ನನಗೆ ಬಿಡುವಿದೆ. ಆ ದಿನ ನನ್ನ ಲೆಕ್ಕ ಹೇಗೂ ಸೊನ್ನೆ.

ಇಂತಿ,
ಸಹಿ ಬೀಳುವ ತನಕ ತಮ್ಮ ವಿಶ್ವಾಸಿ,
ದಾನಮ್ಮ
(ಕಿರಿಯ ಸಿಬ್ಬಂದಿಯ ಅತ್ತೆ)

ಮರೆತ ಮಾತು: ತಮ್ಮ 'ಖೂಪ್ ಛಾನ್'ಗಳನ್ನೂ ಎಣಿಸಿದ್ದೇನೆ. ಹದಿನೇಳು ಪುಟಕ್ಕೆ ಹದಿನೇಳು, ಪುಟಕ್ಕೊಂದು, ಏನೂ ಬರೆಯದೆ ಖಾಲಿ ಬಿಟ್ಟ ಹನ್ನೆರಡನೇ ಪುಟವೂ ಸೇರಿ. ಇಂಥದ್ದನ್ನು ಎಷ್ಟು ಹಂಚಿದರೂ ಬೆಲೆ ಬರುವುದಿಲ್ಲ. ನಾನು ಐದು ವರ್ಷ ಕೂಡಿಟ್ಟು ಒಂದು ಕೊಡುತ್ತಿದ್ದೇನೆ: ಮಂಗಳವಾರ ಮಧ್ಯಾಹ್ನ ರೂಪಾ ಮಾಡಿದ್ದು ಸರಿ, ಮತ್ತು ಅಷ್ಟು ಸರಿಯಾದದ್ದನ್ನು ನನ್ನೆದುರು ಹೇಳಲು ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಇದು ಆ ಮೂವತ್ತು ದಿನದ ಆಚೆಯದಾದ್ದರಿಂದ ಎರಡನೇ ಕಾಲಂನಲ್ಲಿ ಸೇರಿಸಲು ಬರುವುದಿಲ್ಲವೆಂದು ಅವಳೇ ಹೇಳುತ್ತಾಳೆ, ಗೊತ್ತು. ಆದರೆ ತಮಗೆ ಓದಿ ಹೇಳುವಾಗ ನಾಚಿಕೊಂಡು ಈ ಸಾಲನ್ನು ಹಾರಿಸಿದಳೋ, ದಯವಿಟ್ಟು ಮೊದಲನೇ ಕಾಲಂನಲ್ಲಿ ಇನ್ನೊಂದು ಸೇರಿಸಿಕೊಳ್ಳಿ.