ಸಂಘದ ಕಾರಿಗೆ ವೈರ್‌ಲೆಸ್ ಬಂದದ್ದು

ಮೇ ತಿಂಗಳ ಒಂದು ಮಂಗಳವಾರ ಬೆಳಗ್ಗೆ, ಮಂಜೂರಿನಿಂದ ಊಟಿಗೆ ಹೊರಟಿದ್ದ ಮೇಲುಕುಂದಾ ತರಕಾರಿ ಬೆಳೆಗಾರರ ಸಂಘದ ಕಾರಿನ ಪರದೆ ನಡುದಾರಿಯಲ್ಲಿ ಕಪ್ಪಾಯಿತು. ಕಾರಿನಲ್ಲಿದ್ದವರೆಲ್ಲ ಸುರಕ್ಷಿತವಾಗಿದ್ದರು. ದಾರಿ ಹೇಳುತ್ತಿದ್ದ ಹೆಣ್ಣುದನಿ "ನೇರವಾಗಿ" ಎಂದು ಆರಂಭಿಸಿ ವಾಕ್ಯ ಮುಗಿಸದೆ ನಿಂತುಹೋಯಿತು. ಒಂದು ಕಡೆ ಚಹಾ ತೋಟ, ಇನ್ನೊಂದು ಕಡೆ ಕಣಿವೆ ಇದ್ದುದರಿಂದ ಡ್ರೈವರ್ ಪ್ರವೀಣ್‌ಕುಮಾರ್ ಸ್ವಂತ ಜವಾಬ್ದಾರಿಯ ಮೇಲೆ ನೇರವಾಗಿಯೇ ಹೋದನು.

ಆ ದಾರಿ ತಿಳಿಯದವರು ಕಾರಿನಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಆ ರಸ್ತೆಯ ಪಕ್ಕದಲ್ಲೇ ಹುಟ್ಟಿದವರು. ಆದರೆ ಕಾರು ಕೊಂಡದ್ದು ಆಧುನೀಕರಣದ ಅನುದಾನದಲ್ಲಿ. ಪ್ರಯಾಣದ ಉದ್ದಕ್ಕೂ ಪರದೆಯಲ್ಲಿ ನಕ್ಷೆ ಓಡುತ್ತಿರಬೇಕೆಂಬುದು ಅನುದಾನದ ಷರತ್ತು. ನಕ್ಷೆ ಓಡಬೇಕಾದರೆ ಅಧ್ಯಕ್ಷರ ಫೋನು ಕೇಬಲ್ ಮೂಲಕ ಕಾರಿಗೆ ಸೇರಿರಬೇಕು. ಕೇಬಲ್ ಸಿಕ್ಕಿಸುವ ಕಿಂಡಿ ಸಡಿಲವಾಗಿದ್ದುದರಿಂದ ಯಾರಾದರೂ ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರಬೇಕು. ಈ ಕೆಲಸಕ್ಕೆ ಸಂಘವು ನಂಜುಂಡೇಶ ಎಂಬುವನನ್ನು ತಾತ್ಕಾಲಿಕ ನೆಲೆಯಲ್ಲಿ ನೇಮಿಸಿಕೊಂಡಿತ್ತು. ಅದಕ್ಕೆ ಮೊದಲು ಅವನು ಸಂಘದ ಕ್ಯಾರೆಟ್ ತೊಳೆಯುವ ಅಂಗಳದಲ್ಲಿದ್ದ. ಅಲ್ಲಿ ನಸುಕಿನ ನೀರಿಗೆ ಕೈಯಿಟ್ಟರೆ ಬೆರಳು ತನ್ನದೋ ಪಕ್ಕದವನದೋ ಎಂದು ಹತ್ತು ಗಂಟೆಯವರೆಗೆ ತಿಳಿಯುತ್ತಿರಲಿಲ್ಲ. ಈಗ ಕಾರಿನ ಮುಂದಿನ ಸೀಟು, ಏರಿಸಿದ ಗಾಜು, ಕಾಲಿಗೆ ಬೆಚ್ಚನೆಯ ಗಾಳಿ.

"ಇಡೀ ಹಟ್ಟೀಲಿ ಒಂದೇ ಬೆರಳಲ್ಲಿ ಸಂಸಾರ ಸಾಕೋನು ನೀನೊಬ್ಬನೇ" ಎಂದು ಹೆಂಡತಿ ಚಿನ್ನಿ ಹೇಳುತ್ತಿದ್ದಳು. ಹೇಳುವಾಗ ನಗುತ್ತಿದ್ದಳು, ಆದರೆ ರಾತ್ರಿ ಆ ಬೆರಳಿಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು.

ಅಂದು ಆದದ್ದು ಇಷ್ಟು. ನಿರ್ದೇಶಕಿ ಲಿಂಗಾಜಮ್ಮನವರು ತಮ್ಮ ಹಟ್ಟಿಯ ಬಳಿ ಕಾರು ಹತ್ತಿದರು. ಹಿರಿಯರು ಎದುರಾದರೆ ಕಿರಿಯರು ತಲೆಬಾಗಬೇಕು, ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸಬೇಕು. ಬೆಟ್ಟದಲ್ಲಿ ಇದಕ್ಕೆ ವಿನಾಯಿತಿ ಇಲ್ಲ. ನಂಜುಂಡೇಶ ಎರಡು ಸೀಟುಗಳ ನಡುವೆ ಹಿಂದಕ್ಕೆ ತಿರುಗಿ ತಲೆ ಚಾಚಿದ. ಲಿಂಗಾಜಮ್ಮನವರು ಸಂಕ್ಷಿಪ್ತವಾಗಿ ಹರಸುವವರಲ್ಲ. ಅವನ ಮಕ್ಕಳು, ಹಸು, ಹೊಲ, ಹೊಲದ ಆಲೂಗಡ್ಡೆ ಎಲ್ಲವನ್ನೂ ಹರಸಿ ಮುಗಿಸುವಷ್ಟರಲ್ಲಿ ಕಾರು ಎರಡು ತಿರುವು ದಾಟಿತ್ತು, ಹೆಬ್ಬೆರಳು ಜಾರಿತ್ತು.

ಗುರುವಾರ ತುರ್ತು ಸಭೆ ಸೇರಿತು. ಅಧ್ಯಕ್ಷ ಬೆಟ್ಟಯ್ಯನವರು ವಿಷಯ ಮಂಡಿಸಿದರು. ಒಂದೋ ತಲೆಬಾಗುವುದನ್ನು ನಿಲ್ಲಿಸಬೇಕು, ಇಲ್ಲವೇ ಕೇಬಲ್ಲನ್ನು ನಿಲ್ಲಿಸಬೇಕು. ಮೊದಲನೆಯದನ್ನು ಚರ್ಚೆಗೂ ತೆಗೆದುಕೊಳ್ಳಲಿಲ್ಲ.

ಬಾಗಿಲ ಬಳಿ ನಿಂತಿದ್ದ ಪ್ರವೀಣ್‌ಕುಮಾರ್ ಅಧ್ಯಕ್ಷರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ. "ತಲೈವರೇ, ಆ ಕಿಂಡಿ ರಿಪೇರಿ ಮಾಡಿಸಿದ್ರೆ ಸಾಕಲ್ಲ. ಮಂಜೂರಲ್ಲೇ ಮಾಡ್ಕೊಡ್ತಾರೆ."

ಕಾರ್ಯದರ್ಶಿ ಸುನೀತಾ ಅನುದಾನದ ಆದೇಶವನ್ನು ತಿರುವಿ ನೋಡಿ, "ಖರೀದಿಗೆ ಅವಕಾಶ ಇದೆ. ರಿಪೇರಿಗೆ ಇಲ್ಲ" ಎಂದಳು.

"ಕೇಳಿದೆಯೇನಪ್ಪ?" ಎಂದರು ಬೆಟ್ಟಯ್ಯ. "ಸುಮ್ಮನೆ ಕಾರು ಓಡಿಸು."

ಹೀಗೆ ಕೇಬಲ್ ಇಲ್ಲದೆ ಫೋನನ್ನು ಕಾರಿಗೆ ಜೋಡಿಸುವ ವೈರ್‌ಲೆಸ್ ಅಡಾಪ್ಟರ್ ಒಂದನ್ನು ಕೊಳ್ಳುವುದೆಂದು ತೀರ್ಮಾನವಾಯಿತು. ಸೂಚನಾ ಫಲಕದಲ್ಲಿ ಪ್ರಕಟಣೆ ಅಂಟಿಸಲಾಯಿತು: "ಆಯ್ಕೆಯಾಗುವ ಅಡಾಪ್ಟರ್ ಎಲ್ಲ ನಿರ್ದೇಶಕರ ಫೋನುಗಳನ್ನೂ ಭೇದಭಾವವಿಲ್ಲದೆ ಕಾಣತಕ್ಕದ್ದು. ಒಂದಕ್ಕಿಂತ ಹೆಚ್ಚು ಫೋನುಗಳಿದ್ದಲ್ಲಿ ಹಿರಿಯರ ಫೋನಿಗೆ ಮೊದಲು ಜೋಡಣೆಯಾಗತಕ್ಕದ್ದು. ಮಾರಾಟಗಾರರು ಯಾವುದೇ ನಿರ್ದೇಶಕರಿಗೆ ಸಂಬಂಧಿಯಾಗಿರಕೂಡದು." ಕೊನೆಯ ನಿಯಮದಿಂದಾಗಿ ನಾಕುಬೆಟ್ಟ ಎನಿಸಿದ ಈ ಸೀಮೆಯವರ ಅಂಗಡಿಗಳೆಲ್ಲ ಅನರ್ಹವಾದವು. ಗೂಡಲೂರಿನಿಂದ ಊಟಿಗೆ ಬಂದು ಕಾರಿನ ಸಾಮಾನಿನ ಅಂಗಡಿ ಇಟ್ಟಿದ್ದ ಸುರೇಂದ್ರನ್ ಎಂಬುವರು ಮಾತ್ರ ಉಳಿದರು.

ಆಯ್ಕೆ ಉಪಸಮಿತಿಗೆ ಒಬ್ಬ ತಜ್ಞ ಬೇಕಾಗಿತ್ತು. ಈ ಕ್ಷೇತ್ರದಲ್ಲಿ ಐದು ವರ್ಷಗಳ ಅನುಭವವಿದ್ದವನು ಸಂಘದಲ್ಲಿ ಒಬ್ಬನೇ. ನಂಜುಂಡೇಶನನ್ನು ಅವಿರೋಧವಾಗಿ ಆರಿಸಲಾಯಿತು.

"ಒಳ್ಳೇದು ನೋಡಿ ಆರಿಸು" ಎಂದು ಬೆಟ್ಟಯ್ಯ ಅವನ ಬೆನ್ನು ತಟ್ಟಿದರು. "ಅದು ಬಂದ ಮೇಲೆ ನೀನು ಆರಾಮಾಗಿ ಕ್ಯಾರೆಟ್ ಕಡೆ ಹೋಗಬಹುದು."

ನಂಜುಂಡೇಶ ತಲೆಬಾಗಿದ. ಮನೆಗೆ ಹೋಗಿ ಚಿನ್ನಿಗೆ ಹೇಳಿದಾಗ ಅವಳು ಸೌದೆ ಮುಂದಕ್ಕೆ ನೂಕಿ, "ಹಾಗಾದ್ರೆ ಒಂದನ್ನೂ ಒಪ್ಪಬೇಡ. ತಜ್ಞ ಅಂದ್ರೆ ಅದೇ ತಾನೆ?" ಎಂದಳು.

ಅವನು ಅದನ್ನೇ ಪಾಲಿಸಿದ. ಸುರೇಂದ್ರನ್ ತಮ್ಮದೇ ಹೊಸ ಕಾರಿನಲ್ಲಿ ಅಧ್ಯಕ್ಷರು, ಲಿಂಗಾಜಮ್ಮ, ಸುನೀತಾ, ನಂಜುಂಡೇಶ ಇದ್ದ ಉಪಸಮಿತಿಯನ್ನು ಕೂರಿಸಿಕೊಂಡು ಮೊದಲನೆಯ ಅಡಾಪ್ಟರನ್ನು ತೋರಿಸಿದರು. ಅದು ದುಬಾರಿ ಜಾತಿಯ ಫೋನುಗಳನ್ನು ಮಾತ್ರ ಗುರುತಿಸುತ್ತಿತ್ತು. "ಭೇದಭಾವ ಮಾಡ್ತದೆ" ಎಂದು ನಂಜುಂಡೇಶ ಗಂಭೀರವಾಗಿ ಹೇಳಿದ. ಅದು ಬಿದ್ದುಹೋಯಿತು.

ಎರಡನೆಯದು ಎರಡೂ ಜಾತಿಗಳನ್ನು ಸ್ವೀಕರಿಸಿತು.

"ಇದು ಎಚ್ಚರವಾಗೋದಕ್ಕೇ ಅರ್ಧ ನಿಮಿಷ ತಗೊಳ್ತದೆ ತಲೈವರೇ" ಎಂದ ನಂಜುಂಡೇಶ.

"ನಮ್ಮ ಆಫೀಸು ಅದಕ್ಕಿಂತ ಬೇಗ ಏಳ್ತದಾ? ಮುಂದೆ ಹೇಳು."

"ಮುಟ್ಟಿ ನೋಡಿ, ಸುಡ್ತದೆ."

ಲಿಂಗಾಜಮ್ಮ ಅದನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚಿದರು. "ಇದನ್ನೇ ತಗೊಳ್ಳಿ" ಎಂದರು.

ನಂಜುಂಡೇಶನಿಗೆ ಉಳಿದದ್ದು ಒಂದೇ ದಾರಿ. "ಲಿಂಗಾಜಮ್ಮನ ಫೋನು ಬಟನ್ ಫೋನು. ಅದು ಇದಕ್ಕೆ ಸೇರಲ್ಲ. ಎಲ್ಲ ನಿರ್ದೇಶಕರದ್ದೂ ಸೇರಬೇಕು ಅಂತ ನಿಯಮ ಇದೆಯಲ್ಲ?"

ಹೊಡೆತ ಸರಿಯಾದ ಜಾಗಕ್ಕೇ ಬಿದ್ದಿತ್ತು. ಬೆಟ್ಟಯ್ಯ ಸುನೀತಾಳ ಮುಖ ನೋಡಿದರು. ಸುನೀತಾ ಪೆನ್ನು ತೆಗೆದು, "ಲಿಂಗಾಜಮ್ಮನವರ ಫೋನು ತಾತ್ತ್ವಿಕವಾಗಿ ಸೇರಿದೆ ಅಂತ ನಡಾವಳಿಯಲ್ಲಿ ಹಾಕಬಹುದು" ಎಂದಳು.

"ಸೇರಿದೆಯಾ ಮಗಳೇ?" ಎಂದರು ಲಿಂಗಾಜಮ್ಮ.

"ತಾತ್ತ್ವಿಕವಾಗಿ ಅಮ್ಮ."

"ಅಷ್ಟಾದರೆ ಸಾಕು. ನನಗೆ ಹೆಚ್ಚು ಆಸೆ ಇಲ್ಲ."

ಅಡಾಪ್ಟರ್ ಆಯ್ಕೆಯಾಯಿತು. ಬಿಲ್ಲಿನ ವಿಷಯ ಮಾತಾಡಲು ಬೆಟ್ಟಯ್ಯನವರು ಸುರೇಂದ್ರನ್ ಜೊತೆ ಒಬ್ಬರೇ ಒಳಗೆ ಹೋಗಿ ಬಂದರು. ನಂಜುಂಡೇಶ ಆ ಸಂಜೆ ಮನೆಗೆ ಹೋಗುವಾಗ ಹಳೆಯ ರಬ್ಬರ್ ಗವಸು ಎಲ್ಲಿಟ್ಟಿದ್ದೇನೆಂದು ನೆನಪಿಸಿಕೊಳ್ಳುತ್ತಿದ್ದ.

ಉದ್ಘಾಟನೆ ಮುಂದಿನ ಮಂಗಳವಾರ ನಡೆಯಿತು. ಅಡಾಪ್ಟರಿಗೆ ಅರಿಸಿನ ಕುಂಕುಮ ಹಚ್ಚಿ, ಕಾರಿನ ಮುಂದೆ ತೆಂಗಿನಕಾಯಿ ಒಡೆದರು. ಕೊನೆಯ ಸಲ ಎಂದು ನಂಜುಂಡೇಶನಿಗೂ ಮುಂದಿನ ಸೀಟು ಕೊಟ್ಟರು. ಹಿಂದೆ ಅಧ್ಯಕ್ಷರು, ಲಿಂಗಾಜಮ್ಮ, ಸುನೀತಾ ಕುಳಿತರು.

ಪ್ರವೀಣ್‌ಕುಮಾರ್ ಅಡಾಪ್ಟರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಅದಕ್ಕೆ ಗಿಡ್ಡನೆಯ ಒಂದು ಬಾಲವಿತ್ತು. ಬಾಲದ ತುದಿ ಹೋಗಬೇಕಾದದ್ದು ಅದೇ ಕಿಂಡಿಗೆ. ಸಿಕ್ಕಿಸಿದ. ಪರದೆ ಬೆಳಗಿತು. ಕಾರು ಮೊದಲ ಗುಂಡಿಗೆ ಇಳಿಯಿತು, ಪರದೆ ಆರಿತು.



"ವೈರ್‌ಲೆಸ್ ಅಂದಿರಲ್ಲ?" ಎಂದರು ಬೆಟ್ಟಯ್ಯ.

"ಫೋನಿಂದ ಇಲ್ಲಿವರೆಗೆ ವೈರ್‌ಲೆಸ್ ತಲೈವರೇ. ಇಲ್ಲಿಂದ ಕಾರಿಗೆ ಅದೇ ತೂತು" ಎಂದ ಪ್ರವೀಣ್‌ಕುಮಾರ್.

ನಂಜುಂಡೇಶನ ಕೈ ಯಾರ ಅಪ್ಪಣೆಯನ್ನೂ ಕೇಳದೆ ಮುಂದೆ ಹೋಗಿ, ಹೆಬ್ಬೆರಳು ಬಾಲವನ್ನು ಒತ್ತಿ ಹಿಡಿಯಿತು. ಅರ್ಧ ನಿಮಿಷದ ಮೇಲೆ ಪರದೆ ಬೆಳಗಿತು, ಹೆಣ್ಣುದನಿ ದಾರಿ ಹೇಳತೊಡಗಿತು. ಕೂಡಲೇ ಅಧ್ಯಕ್ಷರ ಫೋನಿಗೆ ಕರೆ ಬಂತು. ಪ್ರವೀಣ್‌ಕುಮಾರ್ ವಿನಯದಿಂದ ಸ್ಟೇರಿಂಗ್ ಮೇಲಿನ ಹಸಿರು ಗುಂಡಿ ಒತ್ತಿದ. ಕಾರಿನ ನಾಲ್ಕೂ ಸ್ಪೀಕರುಗಳಲ್ಲಿ ಸುರೇಂದ್ರನ್ ಮಾತಾಡಿದರು.

"ನಮಸ್ಕಾರ ತಲೈವರೇ! ಸಂಘದ ಬಿಲ್ಲಲ್ಲಿ ಎರಡು ಪೀಸು ಅಂತಾನೇ ಹಾಕಿದ್ದೇನೆ. ನಿಮ್ಮ ಮಗನ ಕಾರಿಗೆ ಕೊಟ್ಟದ್ದು ಚೆನ್ನಾಗಿ ಕೆಲಸ ಮಾಡ್ತಾ ಉಂಟಾ? ಇನ್ನು ಆ ಸೀಟ್ ಕವರ್ ವಿಷಯ..."

ನಂಜುಂಡೇಶ ಹಿಂದಿನದನ್ನು ತೋರಿಸುವ ಕನ್ನಡಿ ನೋಡಿದ. ಅದರಲ್ಲಿ ಬೆಟ್ಟಯ್ಯನವರ ಕಣ್ಣುಗಳಿದ್ದವು. ಕ್ಯಾರೆಟ್ ಅಂಗಳದ ನಸುಕಿನ ನೀರು ಅವನ ಮೊಣಕೈವರೆಗೆ ಏರಿದಂತಾಯಿತು. ಅವನು ಹೆಬ್ಬೆರಳು ಎತ್ತಿದ. ಸೀಟ್ ಕವರುಗಳ ವಿಷಯ ಅಲ್ಲಿಗೆ ನಿಂತಿತು.

ಸುನೀತಾ ಕಿಟಕಿಯಿಂದ ಹೊರಗೆ ಚಹಾ ತೋಟವನ್ನು ಪರಿಶೀಲಿಸಿದಳು.

"ಬೆಟ್ಟಣ್ಣ" ಎಂದರು ಲಿಂಗಾಜಮ್ಮ, "ಎರಡೇ ಯಾಕೆ? ನನ್ನ ಅಳಿಯನ ಜೀಪು ಏನು ಪಾಪ ಮಾಡಿದೆ?"

"ಮರೆತೇಹೋಗಿತ್ತಕ್ಕ" ಎಂದರು ಬೆಟ್ಟಯ್ಯ. "ಸುನೀತಾ, ಮೂರು ಅಂತ ತಿದ್ದು. ನಿಮ್ಮನೇಲಿ ಕಾರು ಇದೆಯೇನಮ್ಮ?"

"ಬುಕ್ ಮಾಡಿದ್ದೇವೆ" ಎಂದಳು ಸುನೀತಾ.

"ಹಾಗಾದ್ರೆ ನಾಲ್ಕು."

ಇದೆಲ್ಲ ತನಗೆ ಕೇಳಿಸುತ್ತಿದೆ ಎಂದು ತಿಳಿಸಲು ಪ್ರವೀಣ್‌ಕುಮಾರ್ ಒಮ್ಮೆ ಹಾರನ್ ಮಾಡಿದ. ಅವನಿಗೆ ಸೀಟ್ ಕವರುಗಳು ಮಂಜೂರಾದವು.

ವಾರಾಂತ್ಯದ ಸಭೆಯು ಪರೀಕ್ಷಾರ್ಥ ಪ್ರಯಾಣವನ್ನು ಯಶಸ್ವಿ ಎಂದು ದಾಖಲಿಸಿತು. ಅಡಾಪ್ಟರ್ ಸೂಕ್ಷ್ಮ ಸ್ವಭಾವದ ಯಂತ್ರವಾದ್ದರಿಂದ, ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂಬ ವಿವೇಚನೆಯುಳ್ಳ ನಂಬಿಕಸ್ಥ ವ್ಯಕ್ತಿಯೊಬ್ಬರು ಸದಾ ಅದರ ಬಳಿ ಇರತಕ್ಕದ್ದೆಂದು ನಿರ್ಣಯಿಸಲಾಯಿತು. ನಂಜುಂಡೇಶ ಎದ್ದು ನಿಂತು ಕೈಮುಗಿದು, ಬೆರಳಿಗೆ ನೋವಾದರೆ ಬದಲಿ ಒಬ್ಬ ಬೇಕೆಂದು ವಿನಂತಿಸಿಕೊಂಡ. ಸಭೆ ಅದನ್ನೂ ಸಹಾನುಭೂತಿಯಿಂದ ಪರಿಗಣಿಸಿತು.

ನಂಜುಂಡೇಶನ ಹುದ್ದೆ ಜೂನ್ ಒಂದರಿಂದ ಖಾಯಂ ಆಗಿದೆ. ಸಹಾಯಕನ ಹುದ್ದೆಗೆ ಅರ್ಜಿ ಕರೆಯಲಾಗಿದೆ.