ಸಂಪಾದಕರು ಬಿಡದ ‘ನುಸುಳಿದರು’

ಸುದ್ದಿ ಬರೆಯುವವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಗುವವರು ಓದುಗರು, ಬೈಸಿಕೊಳ್ಳುವವನು ಬಾತ್ಮೀದಾರ. ನಿಜಾಮರ ಕಾಲದಲ್ಲಿ ನಾನು ಕೊಪ್ಪಳದಲ್ಲಿ ಕೂತು, ಗಡಿಯಾಚೆ ಗದಗಿನಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ನಾನು ‘ಬಂದರು’ ಎಂದು ಬರೆದರೆ ಸಂಪಾದಕರು ಅದನ್ನು ಹೊಡೆದು ‘ನುಸುಳಿದರು’ ಎಂದು ಹಾಕುವರು. ಕೇಳಿದರೆ, “‘ಬಂದರು’ ಅಂದ್ರ ಓದಾವ ಹಾಳಿ ಮಡಚಿಡ್ತಾನ. ‘ನುಸುಳಿದರು’ ಅಂದ್ರ, ಯಾಕ ಅಂತ ಮುಂದ ಓದ್ತಾನ” ಎನ್ನುವರು.

ಸಾಹೇಬರ ಸವಾರಿ

ತಹಶೀಲ್ದಾರರು ಬಾವಿ ನೋಡಲು ಕುಷ್ಟಗಿಗೆ ಬಂದದ್ದನ್ನು ಬರೆದೆ. ‘ತಹಶೀಲ್ದಾರರು ಕುಷ್ಟಗಿಗೆ ನುಸುಳಿದರು’ ಎಂದು ಅಚ್ಚಾಯಿತು. ಕಚೇರಿಗೆ ಬಾ ಎಂದು ನನಗೆ ಕರೆ ಬಂತು.

“ನನ್ನ ಮೈ ನೋಡು. ಕುದುರಿ ಹತ್ತಬೇಕಂದ್ರ ಮಂದಿ ಎತ್ತಬೇಕು. ಮುಂದ ಹಲಗಿ ಬಾರಿಸ್ಕೋತ ಹೊಂಟಿದ್ರು. ನಾ ಎಲ್ಲಿ ನುಸುಳಲೋ?” ಎಂದು ಸಾಹೇಬರು ಗುಡುಗಿದರು.

ಪಕ್ಕದಲ್ಲಿದ್ದ ಗುಮಾಸ್ತ ಸಮಾಧಾನ ಹೇಳಲು ಹೋದ: “ಖರೇ ಐತ್ರಿ. ಸಾಹೇಬ್ರು ಕಚೇರಿ ಬಾಗಲದಾಗೂ ಅಡ್ಡ ತಿರುಗೇ ಬರ್ತಾರ.”

ಯಲಬುರ್ಗಾದ ಅತಿಥಿ

ಈ ಬೈಗುಳ ಮುಟ್ಟಿದ ಮೇಲೆ ಸಂಪಾದಕರು ಮರ್ಯಾದೆ ಕಲಿತರು. ಆಗಲೇ ನಾನು ಕಳಿಸಿದ ಸುದ್ದಿ: ಯಲಬುರ್ಗಾದ ಹತ್ತಿರ ಚಿರತೆಯೊಂದು ಕೊಟ್ಟಿಗೆಗೆ ನುಸುಳಿ ಕರು ಒಯ್ದಿತು. ಆ ಮಾತು ಒಮ್ಮೆಯಾದರೂ ಸರಿಯಾಗಿ ಕೂತಿತ್ತು. ಅಚ್ಚಾದದ್ದು: ‘ಚಿರತೆಯು ಕೊಟ್ಟಿಗೆಗೆ ದಯಮಾಡಿಸಿತು.’

ಕರು ಕಳೆದುಕೊಂಡವನು ನನ್ನ ಮನೆ ಬಾಗಿಲಿಗೇ ಬಂದ. “ದಯಮಾಡಿಸಿತಂತ! ನಾನೇನು ಊಟಕ್ಕ ಕರದಿದ್ನೇನ್ರಿ?”

ಅಳಿಯ

‘ದಯಮಾಡಿಸಿದರು’ ಯಾರಿಗೂ ರುಚಿಸಲಿಲ್ಲ. ಹಳೆಯ ಮಾತು ಮರಳಿತು. ಗಡಿಯಲ್ಲಿ ಕಾವಲು ಬಿಗಿಯಾಗಿದ್ದ ದಿನಗಳವು. ಗಂಗಾವತಿಯ ಭತ್ತದ ವ್ಯಾಪಾರಿಯ ಮನೆಗೆ ಗಡಿಯಾಚೆಯ ಅಳಿಯ ದೀಪಾವಳಿಗೆ ಬಂದದ್ದು ‘ನುಸುಳಿದರು’ ಎಂದಾಯಿತು. ಪೊಲೀಸ್ ಅಮೀನರು ಅವನನ್ನು ಹಬ್ಬದ ಎಲೆಯಿಂದಲೇ ಎಬ್ಬಿಸಿಕೊಂಡು ಹೋದರು. ನಾನು ಠಾಣೆಗೆ ಓಡಿದೆ.

“ಯಾರು ಕಳಿಸ್ಯಾರ ನಿನ್ನ?” ಎಂದು ಅಮೀನರು ಅಳಿಯನನ್ನು ಗದರುತ್ತಿದ್ದರು. ಅಷ್ಟರಲ್ಲಿ ಅವನ ಅತ್ತೆ ಒಳಗೆ ಬಂದಳು.

“ಸಾಹೇಬ್ರ, ಇವ್ರು ನುಸುಳೋ ಪೈಕಿ ಅಲ್ರಿ. ಉಂಗುರ ಕೊಡ್ತೀವಿ ಅಂತ ಹೇಳಿಕಳಿಸಿದ ಮ್ಯಾಲೇ ಬಂದಾರ!”

ಅಮೀನರಿಗೂ ಅಳಿಯಂದಿರಿದ್ದರು. ಕೂಡಲೇ ಬಿಟ್ಟರು.

ತಿದ್ದುಪಡಿ

ಕೊನೆಗೆ ಅದು ನನ್ನ ಕೊರಳಿಗೇ ಸುತ್ತಿಕೊಂಡಿತು. ತಾವರಗೇರಾಕ್ಕೆ ಹೆಣ್ಣು ನೋಡಲು ಹೋಗಿದ್ದೆ. ಹುಡುಗಿ ಒಪ್ಪಿದಳು, ನಾನಂತೂ ಅವಳು ತಂದ ಅವಲಕ್ಕಿ ಮುಟ್ಟುವ ಮೊದಲೇ ಒಪ್ಪಿದ್ದೆ. ಸಂತೋಷ ತಡೆಯದೆ ಸಂಪಾದಕರಿಗೆ ತಿಳಿಸಿದೆ. ಅವರೂ ಸಂತೋಷ ತಡೆಯದೆ ಅಚ್ಚು ಹಾಕಿದರು: ‘ನಮ್ಮ ಕೊಪ್ಪಳದ ಬಾತ್ಮೀದಾರರು ತಾವರಗೇರಾದ ಕನ್ಯೆಯ ಮನೆಗೆ ನುಸುಳಿದರು.’

ಹುಡುಗಿಯ ತಂದೆ ಕೊಪ್ಪಳಕ್ಕೇ ಬಂದರು. “ಊರಾಗ ತಲಿ ಎತ್ತಿ ಅಡ್ಡಾಡೂದು ಕಷ್ಟ ಆಗೇತ್ರಿ. ಅದೇ ಹಾಳ್ಯಾಗ ತಿದ್ದಿ ಹಾಕಸ್ರಿ. ಆಮ್ಯಾಲ ಮುಹೂರ್ತ ಕೇಳೋಣು” ಎಂದರು.

ನಾನು ಗದಗಿಗೆ ಹೋಗಿ ಸಂಪಾದಕರ ಕಾಲು ಹಿಡಿದೆ. “ಆ ಮಾತೊಂದು ತೆಗೀರಿ, ನನ್ನ ಲಗ್ನ ಉಳೀಲಿ” ಎಂದು ಕಣ್ಣೀರಿಟ್ಟೆ. ಅವರ ಕಣ್ಣೂ ಒದ್ದೆಯಾಯಿತು. “ತೆಗದೆ ಅಂತ ತಿಳಕೋರಿ” ಎಂದರು.

ಮಾತು ತಪ್ಪಲಿಲ್ಲ. ಮುಂದಿನ ವಾರದ ಪತ್ರಿಕೆ ನಾನು ಹೋಗುವ ಮೊದಲೇ ತಾವರಗೇರಾ ಮುಟ್ಟಿತ್ತು:

‘ತಿದ್ದುಪಡಿ: ಕಳೆದ ವಾರ “ಕನ್ಯೆಯ ಮನೆಗೆ ನುಸುಳಿದರು” ಎಂದು ಅಚ್ಚಾಗಿರುವುದನ್ನು ವಾಚಕರು ದಯವಿಟ್ಟು “ನುಗ್ಗಿದರು” ಎಂದು ಓದಿಕೊಳ್ಳಬೇಕು.’