ಸ್ವೀಡನ್ನಿನ ನಟಿಗೆ ನಾನು ಉಳಿಸಿಕೊಟ್ಟ ಒಬ್ಬನೇ ಗಂಡ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನ ಮನುಷ್ಯ. ನನ್ನ ಸಿಟ್ಟಿಗೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಬೆಳಿಗ್ಗೆ ಎದ್ದು ಫೋನ್ ನೋಡಿದಾಗ ಮಗಳ ಕ್ಲಾಸಿನ ಗ್ರೂಪಿನಲ್ಲಿ ಟೀಚರ್ ಒಂದು ಮೆಸೇಜು ಹಾಕಿದ್ದರೆ ಸಾಕು. 'ಮಕ್ಕಳು ಈ ಪ್ರಾಜೆಕ್ಟನ್ನು ಸ್ವಂತವಾಗಿ ಮಾಡಬೇಕು' ಎಂದು ಅದರಲ್ಲಿ ಬರೆದಿರುತ್ತದೆ. ಈ 'ಸ್ವಂತ' ಎಂಬ ಶಬ್ದ ಕಣ್ಣಿಗೆ ಬಿದ್ದ ಕೂಡಲೇ ಸೌದಿಯ ಇಂಡಿಯನ್ ಸ್ಕೂಲುಗಳ ಅಷ್ಟೂ ಅಪ್ಪಂದಿರು ಕತ್ತರಿ, ಗಮ್ಮು, ಥರ್ಮೊಕೋಲು ಹುಡುಕಿಕೊಂಡು ಹೊರಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಆ ಎಮ್ಮೆ ನಾನು. ನಮ್ಮ ಸ್ಕೂಲಿನ ಎದುರಿನ ಸ್ಟೇಷನರಿ ಅಂಗಡಿಯವನ ಹತ್ತಿರ ತಾಜಮಹಲು, ಜ್ವಾಲಾಮುಖಿ, ಮನುಷ್ಯನ ಜೀರ್ಣಾಂಗ ಎಲ್ಲವೂ ರೆಡಿಮೇಡ್ ಸಿಗುತ್ತವೆ. ನಾನು ಅಲ್ಲಿಗೆ ಹೋಗುವುದಿಲ್ಲ. ಮಗಳ ಕೆಲಸವನ್ನು ಹೊರಗಿನವರಿಂದ ಮಾಡಿಸುವುದು ಮೋಸ. ಅದನ್ನು ಅಪ್ಪನೇ ಮಾಡಬೇಕು.

ನಾನು ಓದುವಾಗ ಹೀಗಿರಲಿಲ್ಲ. ನಾನು ಎಷ್ಟನೇ ಕ್ಲಾಸಿನಲ್ಲಿದ್ದೇನೆಂದು ನನ್ನ ತಂದೆಗೆ ಗೊತ್ತಾಗುತ್ತಿದ್ದದ್ದು ಫೇಲಾದ ವರ್ಷ ಮಾತ್ರ. ಅಂಥವರ ಮಗ ಅಲ್ ಖರ್ಜ್‌ನ ಒಂದು ಹಾಲಿನ ಕಂಪನಿಯಲ್ಲಿ ಸ್ಟೋರ್ ಕೀಪರ್ ಆಗಿ, ಮಗಳ ಸ್ಕೂಲಿನ ಪ್ರತಿಯೊಂದು ಕಾಗದವನ್ನೂ ಕನ್ನಡಕ ಹಾಕಿ ಓದುವವನಾಗಿ ಬೆಳೆದದ್ದು ನನಗೇ ಆಶ್ಚರ್ಯ.

ಈ ಸಲದ ಪ್ರಾಜೆಕ್ಟು ಥರ್ಮೊಕೋಲಿನದ್ದಾಗಿರಲಿಲ್ಲ. ಏಳನೇ ಕ್ಲಾಸಿನ ಹುಡುಗಿಯರು ಒಬ್ಬೊಬ್ಬ ಪ್ರಸಿದ್ಧ ವ್ಯಕ್ತಿಯ ವೇಷ ಹಾಕಿ, 'ನಾನು ಇಂಥವಳು' ಎಂದು ಸ್ಟೇಜಿನ ಮೇಲೆ ತಮ್ಮ ಕತೆ ಹೇಳಬೇಕು. ಟೀಚರ್ ಒಂದು ಪಟ್ಟಿ ಓದಿದರಂತೆ. ವಿಜ್ಞಾನಿಗಳು, ಪ್ರಧಾನಿಗಳು, ಗಗನಯಾತ್ರಿಗಳು ಎಲ್ಲ ಕ್ಷಣಾರ್ಧದಲ್ಲಿ ಖರ್ಚಾಗಿ ಹೋದರು. ಯಾರಿಗೂ ಬೇಡವಾಗಿ ಒಂದು ಹೆಸರು ಉಳಿಯಿತು, ಸ್ವೀಡನ್ ದೇಶದ ಹಳೆಯ ಸಿನಿಮಾ ನಟಿಯೊಬ್ಬಳದ್ದು. ನಮ್ಮ ರಿಫಾ ಕೈ ಎತ್ತಿದಳು.

ಅವಳು ಕೈ ಎತ್ತಿದಳು ಎಂಬುದೇ ನಮ್ಮ ಮನೆಯಲ್ಲಿ ದೊಡ್ಡ ಸುದ್ದಿ. ರಿಫಾ ಮನೆಯ ಹೊರಗೆ ಬಾಯಿ ತೆರೆಯುವವಳಲ್ಲ. ಉತ್ತರ ಗೊತ್ತಿದ್ದರೂ ಕೈ ಎತ್ತುವುದಿಲ್ಲ ಎಂದು ಪ್ರತಿ ವರ್ಷ ರಿಪೋರ್ಟಿನಲ್ಲಿ ಬರುತ್ತಿತ್ತು.

"ಇಷ್ಟು ಜನರ ಹೆಸರಿರುವಾಗ ಇವಳನ್ನು ಎಂತಕ್ಕೆ ಆರಿಸಿದ್ದು?" ಎಂದು ನಾನು ಕೇಳಿದೆ.

"ಯಾರೂ ಅವಳನ್ನು ತಗೊಳ್ಳಲಿಲ್ಲ ಉಪ್ಪಾ. ಪಾಪ ಅನಿಸಿತು," ಎಂದಳು. ನಮ್ಮಲ್ಲಿ ಅಪ್ಪನಿಗೆ ಉಪ್ಪ ಅನ್ನುವುದು.

ಸ್ವೀಡನ್ ಅಂದರೆ ನನಗೆ ಗೊತ್ತಿದ್ದದ್ದು ಹಾಲು ಕರೆಯುವ ಯಂತ್ರ. ಅದರ ರಬ್ಬರ್ ಕೊಳವೆಗಳು ನಮ್ಮ ಸ್ಟೋರಿನಲ್ಲಿ ಮೂರು ಕಪಾಟು ತುಂಬ ಇವೆ. ಆ ದೇಶದಲ್ಲಿ ನಟಿಯರೂ ತಯಾರಾಗುತ್ತಾರೆಂದು ನನಗೆ ತಿಳಿದಿರಲಿಲ್ಲ. ಆದರೂ ಜವಾಬ್ದಾರಿಯುಳ್ಳ ತಂದೆಯಲ್ಲವೇ? ಮೂರು ದಿನ ಊಟದ ವಿರಾಮದಲ್ಲಿ ಕುಳಿತು ಆಕೆಯ ಜೀವನ ಪೂರ್ತಿ ಓದಿದೆ. ಓದುತ್ತ ಓದುತ್ತ ನನ್ನ ಸಿಟ್ಟು ನೆತ್ತಿಗೇರಿತು.

ಪಾಪದ ಹುಡುಗಿ. ತಂದೆ ಬೇಗ ತೀರಿಹೋದ. ಬೇಕರಿಯಲ್ಲಿ ಬನ್ನು ಕಟ್ಟಿಕೊಡುತ್ತಲೇ ನಾಟಕ ಕಲಿತಳು. ಹೊರದೇಶದ ಸ್ಟುಡಿಯೊದವರು ಕರೆದರು, ಹೋದಳು. ಹೋದ ವಾರವೇ ಅವಳ ಹೆಸರು ಬದಲಾಯಿಸಿದರು! ಹಲ್ಲು ಸರಿಯಿಲ್ಲವೆಂದು ಹಲ್ಲು ತಿದ್ದಿದರು. ಹುಬ್ಬು ಕಿತ್ತರು. ವಯಸ್ಸಿನಲ್ಲಿ ಎರಡು ವರ್ಷ ಕಡಿಮೆ ಮಾಡಿದರು. ಮದುವೆಯಾಗಿದ್ದವಳನ್ನು ಪತ್ರಿಕೆಗಳಲ್ಲಿ ಕನ್ಯೆ ಮಾಡಿದರು. ಅವಳು ಏನು ಮಾತಾಡಬೇಕೆಂಬುದನ್ನೂ ಅವರೇ ಬರೆದುಕೊಡುತ್ತಿದ್ದರಂತೆ. ಯಾರು ಕೊಟ್ಟರು ಇವರಿಗೆ ಈ ಅಧಿಕಾರ? ಹೆತ್ತವರು ಇಟ್ಟ ಹೆಸರನ್ನು ಅಳಿಸಲು ಇವರು ಯಾರು?

ಈ ಹೆಸರಿನ ಸಂಕಟ ನನಗೂ ಗೊತ್ತು. ನಾನು ಕೆಲಸಕ್ಕೆ ಸೇರಿದಾಗ ಆ ಕುರ್ಚಿಯಲ್ಲಿ ಮೊದಲು ಸಿದ್ದೀಕ್ ಎಂಬವನಿದ್ದ. ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಹೊಸ ಹೆಸರು ಕಲಿಯುವ ತೊಂದರೆ ತೆಗೆದುಕೊಳ್ಳಲಿಲ್ಲ. ಮೂರು ವರ್ಷ ನಾನು ಸಿದ್ದೀಕ್ ಆಗಿದ್ದೆ. ಸಿದ್ದೀಕ್ ಮಾಡಿಟ್ಟುಹೋದ ತಪ್ಪುಗಳಿಗೂ ನಾನೇ ಬೈಸಿಕೊಂಡೆ. ಆದ್ದರಿಂದ ನಟಿಯ ಪರವಾಗಿ ಆ ರಾತ್ರಿ ನಾನು ಊಟಕ್ಕೆ ನೆಲದ ಮೇಲೆ ಹಾಸಿದ ಸುಪ್ರದ ಮುಂದೆ ಕುಳಿತು ಮುಕ್ಕಾಲು ಗಂಟೆ ಮಾತಾಡಿದೆ. ಹೆಂಡತಿ ಝುಬೈದಾ ಮೀನಿನ ಮುಳ್ಳು ತೆಗೆಯುತ್ತ, "ನಿಮಗೆ ಈ ಹೆಂಗಸಿನ ಮೇಲೆ ತುಂಬ ಕನಿಕರ ಬಂದ ಹಾಗೆ ಉಂಟಲ್ಲ," ಎಂದಳು.

ಕನಿಕರವಿದ್ದದ್ದು ನಿಜ. ಆದರೆ ರಿಫಾ ತಾನೇ ಬರೆದ ಭಾಷಣ ತೋರಿಸಿದಾಗ ಅದು ಹಾರಿಹೋಯಿತು. ಅದರಲ್ಲಿ ಮೂವರು ಗಂಡಂದಿರಿದ್ದರು. ಮೊದಲನೆಯವನು ಹಲ್ಲಿನ ಡಾಕ್ಟರ್, ಎರಡನೆಯವನು ಕ್ಯಾಮರಾಮನ್, ಮೂರನೆಯವನು ಹಡಗಿನ ಮಾಲೀಕ. ಹನ್ನೆರಡು ವರ್ಷದ ಹುಡುಗಿ, ಅದೂ ನಮ್ಮ ಊರಿನ ಅಷ್ಟೂ ತಾಯಂದಿರ ಎದುರು, 'ನನ್ನ ಎರಡನೆಯ ಗಂಡ' ಎಂದು ಶುರುಮಾಡುವುದೇ? ಸುದ್ದಿ ಭಾಷಣ ಮುಗಿಯುವ ಮೊದಲೇ ಮಂಗಳೂರು ತಲುಪುತ್ತದೆ. ಕೆಂಪು ಪೆನ್ನು ತೆಗೆದೆ. ಇಬ್ಬರು ಗಂಡಂದಿರನ್ನು ಹೊಡೆದುಹಾಕಿದೆ. ಡಾಕ್ಟರನ್ನು ಉಳಿಸಿಕೊಂಡೆ, ನಮ್ಮ ಕಡೆ ಡಾಕ್ಟರ್ ಅಳಿಯನನ್ನು ಯಾರಾದರೂ ಬಿಡುತ್ತಾರೆಯೇ? ಸಿನಿಮಾಗಳ ಸಂಖ್ಯೆ ಇಳಿಸಿದೆ. ತಾಯಿಯ ಸೇವೆ ಎಂದು ಒಂದು ಪ್ಯಾರಾ ಸೇರಿಸಿದೆ. ಕೊನೆಯಲ್ಲಿ ಆಕೆ, ಮಕ್ಕಳೇ ಚೆನ್ನಾಗಿ ಓದಿ, ಹಿರಿಯರ ಮಾತು ಕೇಳಿ ಎಂದು ಉಪದೇಶ ಮಾಡುವ ಹಾಗೆ ಮಾಡಿದೆ.

ರಿಫಾ ಕಾಗದ ಓದಿದಳು. "ಇದು ಅವಳಲ್ಲ ಉಪ್ಪಾ," ಎಂದಳು.

"ಅವಳು ಹೀಗೆ ಇದ್ದಿದ್ದರೆ ಒಳ್ಳೆಯದಿತ್ತು," ಎಂದೆ.

ಅಲ್ಲಿಯವರೆಗೆ ದಿನಾ ಸಂಜೆ ಉಮ್ಮನ, ಅಂದರೆ ಝುಬೈದಾಳ, ಶಾಲು ಹೊದ್ದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದವಳು ಅದನ್ನು ನಿಲ್ಲಿಸಿಬಿಟ್ಟಳು. ನಾಲ್ಕನೆಯ ದಿನ ಝುಬೈದಾ ನನ್ನನ್ನು ಅಡಿಗೆಮನೆಗೆ ಕರೆದು, "ಹುಟ್ಟಿದ ಮೇಲೆ ಒಂದು ಸಲ ಕೈ ಎತ್ತಿದ್ದಾಳೆ. ನೀವು ಹೀಗೆ ಮಾಡಿದರೆ ಇನ್ನು ಎತ್ತಿದ ಹಾಗೆಯೇ," ಎಂದಳು. ಆ ಮಾತು ನಾಟಿತು. ಆದರೆ ನಾಟಿದ್ದನ್ನು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲದ ಕಾರಣ, "ಎಲ್ಲ ಸ್ಟುಡಿಯೊದವರ ತಪ್ಪು," ಎಂದು ಹೇಳಿ ಟೀ ಕುಡಿದೆ.

ಹೆಣ್ಣುಮಕ್ಕಳ ವಿಭಾಗದ ಕಾರ್ಯಕ್ರಮಕ್ಕೆ ತಾಯಂದಿರಿಗೆ ಮಾತ್ರ ಪ್ರವೇಶ. ಅಪ್ಪಂದಿರು ಹೊರಗೆ ಪಾರ್ಕಿಂಗಿನಲ್ಲಿ ಕಾರಿನ ಎಸಿ ಹಾಕಿ ಕಾಯಬೇಕು. ಪ್ರಾಜೆಕ್ಟ್ ಮಾಡಲು ನಾವು ಬೇಕು, ನೋಡಲು ಬೇಡ! ಝುಬೈದಾ ಒಳಗಿನಿಂದ ಫೋನ್ ಮಾಡಿ ಅದನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಪಕ್ಕದ ಕಾರಿನಲ್ಲಿ ಭಟ್ಕಳದ ಬಟ್ಟೆ ಅಂಗಡಿಯ ಸಾಹೇಬರೂ ಫೋನು ಕಿವಿಗಿಟ್ಟುಕೊಂಡಿದ್ದರು. ಗಗನಯಾತ್ರಿ ಬಂದು ಹೋದಳು, ಪ್ರಧಾನಿ ಬಂದು ಹೋದಳು. ಆಮೇಲೆ ರಿಫಾಳ ಹೆಸರು ಕೂಗಿದರು. ತುಂಬ ಹೊತ್ತು ಏನೂ ಕೇಳಿಸಲಿಲ್ಲ. ನಾನು ಸ್ಟಿಯರಿಂಗ್ ಹಿಡಿದುಕೊಂಡು, ಯಾ ಅಲ್ಲಾ, ಯಾವುದಾದರೂ ಭಾಷಣ ಹೇಳಲಿ, ಯಾರು ಬರೆದದ್ದಾದರೂ ಹೇಳಲಿ ಎಂದು ಬೇಡಿಕೊಂಡೆ.

ಹೇಳಿದಳು. ಬೇಕರಿಯಿಂದ ಶುರುಮಾಡಿ, ಮೂವರು ಗಂಡಂದಿರನ್ನೂ ಒಬ್ಬೊಬ್ಬರಾಗಿ ಸ್ಟೇಜಿಗೆ ತಂದು ನಿಲ್ಲಿಸಿದಳು. ಎರಡನೆಯವನನ್ನು ಡೈರೆಕ್ಟರ್ ಮಾಡಿಬಿಟ್ಟಳು. "ಕ್ಯಾಮರಾಮನ್!" ಎಂದು ನಾನು ಕಾರಿನೊಳಗೆ ಒಬ್ಬನೇ ಕೂಗಿದೆ. ಅಷ್ಟರಲ್ಲಿ ಅವಳ ಇಂಗ್ಲಿಷು ನಿಧಾನವಾಗಿ, ಗಟ್ಟಿಯಾಗಿ ಹೀಗೆ ಹೇಳುತ್ತಿತ್ತು: "ಒಬ್ಬರು ನನ್ನ ಹೆಸರು ತಿದ್ದಿದರು, ಒಬ್ಬರು ಹಲ್ಲು ತಿದ್ದಿದರು. ನಾನು ಸತ್ತ ಮೇಲೂ ಬಿಡಲಿಲ್ಲ. ಅಲ್ ಖರ್ಜ್‌ನಲ್ಲಿ ಒಬ್ಬರು ಕೆಂಪು ಪೆನ್ನಿನಿಂದ ನನ್ನ ಇಬ್ಬರು ಗಂಡಂದಿರನ್ನು ಮಾಯ ಮಾಡಿದರು. ಅವರು ಒಳ್ಳೆಯವರು. ಈಗ ಹೊರಗೆ ಎಸಿ ಹಾಕಿಕೊಂಡು ಕೂತಿದ್ದಾರೆ."

ಫೋನಿನೊಳಗಿಂದ ತಾಯಂದಿರ ನಗು ಬಂತು. ಝುಬೈದಾಳ ನಗು ಎಲ್ಲರಿಗಿಂತ ಹತ್ತಿರದಲ್ಲಿ ಕೇಳಿಸಿತು. ಸಾಹೇಬರು ಕಾರಿನ ಗ್ಲಾಸು ಇಳಿಸಿದರು.

"ನಿಮ್ಮ ಮಗಳಾ? ಮಾಶಾ ಅಲ್ಲಾಹ್! ಯಾರು ಬರೆದುಕೊಟ್ಟದ್ದು?"

"ನಾನೇ," ಎಂದೆ.

"ಎಸಿಯ ವಿಷಯವೂ?"

"ಅದೂ," ಎಂದೆ. ಸುಳ್ಳು ಹೇಳುವಾಗ ಅರ್ಧಕ್ಕೆ ನಿಲ್ಲಿಸಬಾರದು.

ರಿಫಾ ಝುಬೈದಾಳ ಜೊತೆ ಹೊರಗೆ ಬಂದು ಹಿಂದಿನ ಸೀಟಿನಲ್ಲಿ ಕುಳಿತಳು. ಬಹುಮಾನ ಬಂದಿರಲಿಲ್ಲ, ಅದು ಗಗನಯಾತ್ರಿಗೆ ಹೋಗಿತ್ತು. ಆ ಗಗನಯಾತ್ರಿಯ ಭಾಷಣ ಬರೆದ ಅಪ್ಪ ಯಾರೆಂದು ನನಗೆ ಚೆನ್ನಾಗಿ ಗೊತ್ತು, ಆ ಸಿಟ್ಟು ಬೇರೆ. ನಾನು ಬೈಯಬೇಕೆಂದು ಬಾಯಿ ತೆರೆದೆ. ಕನ್ನಡಿಯಲ್ಲಿ ಅವಳ ಮುಖ ನೋಡಿ, ಬಂದ ಬೈಗುಳವನ್ನು ನುಂಗಿಕೊಂಡೆ. ಅಷ್ಟು ಖುಷಿ ಆ ಮುಖದಲ್ಲಿ ನಾನು ನೋಡಿರಲಿಲ್ಲ.

"ಉಪ್ಪಾ, ಮುಂದಿನ ತಿಂಗಳು ಡಿಬೇಟ್ ಉಂಟಂತೆ. ನಾನು ಕೈ ಎತ್ತಿದೆ," ಎಂದಳು. ಸ್ವಲ್ಪ ತಡೆದು, "ನೀವು ಬರೆದುಕೊಡುವುದು ಬೇಡ, ಆಯ್ತಾ?" ಎಂದಳು.

"ನನಗೆಂತ ಬೇರೆ ಕೆಲಸ ಇಲ್ಲವಾ? ಬರೆಯುವುದಿಲ್ಲ," ಎಂದು ರೇಗಿದೆ. ಎರಡು ಸಿಗ್ನಲ್ ದಾಟುವವರೆಗೆ ತಡೆದುಕೊಂಡೆ. ಮೂರನೆಯದರಲ್ಲಿ ಕೆಂಪು ಬಿತ್ತು.

"ವಿಷಯ ಎಂತ?" ಎಂದು ಕೇಳಿದೆ.